ಒಂದೂ ಸುಳ್ಳಿಲ್ಲದ ವರದಿ

ಹೋದ ವರ್ಷ ಭೀಮಾ ಹೊಳೆ ದಂಡೆಯ ಊರುಗಳಿಗೆ ನುಗ್ಗಿ, ಇಳಿದು ಹದಿನೈದು ದಿನವಾಗಿತ್ತು. ನಾನು ಸಿಂದಗಿಯಿಂದ ಅಗರಖೇಡಕ್ಕೆ ಹೋಗಿದ್ದೆ. ಮೊಮ್ಮಗಳನ್ನು ಕೊಟ್ಟ ಮನೆ ಅಲ್ಲಿದೆ. ನೀರು ಹೊಕ್ಕ ಮನೆಯವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆಯ ರೀತಿ. ಬಸ್ಸಿಳಿದು ಓಣಿಯಲ್ಲಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಆ ವಾಸನೆ ಬಂತು. ಹೊಳೆ ಮನೆಯೊಳಗೆ ಬಂದು ನಿಂತು ಹಿಂದಕ್ಕೆ ಹೋಗುವಾಗ ಬಿಟ್ಟುಹೋಗುವ ಮೆಕ್ಕಲಿನ ವಾಸನೆ. ನೆಂದ ಜೋಳ, ಕೊಳೆತ ಕಣಿಕೆಯ ಮೇವು, ಹಸಿಗೋಡೆ ಎಲ್ಲ ಸೇರಿದ್ದು. ಬೀಗರು ಚಹಾ ತಂದುಕೊಟ್ಟರು. ನಾನು ಕಪ್ಪು ಹಿಡಿದು ಹಾಗೇ ಕೂತಿದ್ದೆ.

"ಯಾಕ್ರಿ ಅಜ್ಜಾರ, ಆರಾಮಿಲ್ಲೇನ್ರಿ?" ಎಂದು ಮೊಮ್ಮಗಳು ಕೇಳಿದಳು.

ಆರಾಮಿದ್ದೇನೆ ಎಂದೆ. ಅಲ್ಲಿಂದ ಹೊಳೆಗುಂಟ ಕೆಳಗೆ ಹೋದರೆ ಜಾಲಿಗಡ್ಡಿ ಎಂಬ ಊರಿತ್ತು. ನನಗೆ ಇಪ್ಪತ್ಮೂರು ವರ್ಷವಿದ್ದಾಗ ಒಂದು ಮಳೆಗಾಲ, ಒಂದು ಚಳಿಗಾಲ ಅಲ್ಲಿ ಪೊಲೀಸನಾಗಿದ್ದೆ. ಆ ದಿನಗಳ ಮಾತನ್ನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿದ್ದಿಲ್ಲ.

ಅದು ಅರವತ್ತೈದರ ಯುದ್ಧದ ವರ್ಷ. ನಾನು ಮುದ್ದೇಬಿಹಾಳದ ಕಡೆಯವನು, ಒಕ್ಕಲು ಮನೆತನ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಪೊಲೀಸ್ ಸೇರಿ ಒಂದು ವರ್ಷವಾಗಿತ್ತು. ಇಂಡಿ ಸೀಮೆಯ ಒಂದು ಠಾಣೆಯಲ್ಲಿದ್ದೆ. ಯುದ್ಧ ಶುರುವಾದ ಮೂರನೆಯ ದಿನ ಠಾಣೆಯ ಫೌಜದಾರರು ನಮ್ಮನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಎತ್ತರದ ಆಳು, ಮಾತು ಕಡಿಮೆ. ಆ ದಿನ ಮಾತ್ರ ತುಂಬ ಮಾತಾಡಿದರು.

"ಗಡಿ ಪಂಜಾಬದಾಗೈತಿ ಅಂತ ತಿಳಕೊಂಡೀರೇನು? ಗಡಿ ನಿಮ್ಮ ನಿಮ್ಮ ಹಳ್ಳ್ಯಾಗೈತಿ. ಆಕಾಶದಾಗಿಂದ ಛತ್ರಿ ಹಿಡಕೊಂಡು ವೈರಿಗಳು ಇಳ್ಯಾಕತ್ತಾರ ಅಂತ ಸುದ್ದಿ ಐತಿ. ಅವರಿಗೆ ದಾರಿ ತೋರಸಾವ್ರು ಇಲ್ಲೇ ಅದಾರ. ಯಾರ್ ಬಂದ್ರು, ಯಾರ್ ಹೋದ್ರು, ಯಾರ್ ಏನ್ ಮಾತಾಡಿದ್ರು, ಎಲ್ಲಾ ಬರದು ಕಳಸಬೇಕು. ಹೊತ್ತು ಮುಣುಗಿದ ಮ್ಯಾಲ ಹೊರಗ ಒಂದ ದೀಪಾ ಕಾಣಬಾರ್ದು."

ಹೊಳೆದಂಡೆಯ ಊರುಗಳಿಗೆ ಒಬ್ಬೊಬ್ಬರನ್ನು ಹಂಚಿದರು. ನನಗೆ ಜಾಲಿಗಡ್ಡಿ ಬಂತು.

ಆ ಊರಿಗೆ ಮೂರು ಕಡೆ ಹೊಳೆ, ನಾಲ್ಕನೆಯ ಕಡೆ ಒಂದು ಹಳ್ಳ. ಬೇಸಿಗೆಯಲ್ಲಿ ಆ ಹಳ್ಳವನ್ನು ಚಪ್ಪಲಿ ಕಳಚದೆ ದಾಟಬಹುದು. ಹೊಳೆ ತುಂಬಿ ಬಂದಾಗ ನೀರು ಹಳ್ಳದೊಳಗೆ ಹಿಮ್ಮುಖವಾಗಿ ಏರುತ್ತದೆ. ಆಗ ಊರು ನಡುಗಡ್ಡೆ. ತಂತಿಯಿಲ್ಲ, ಟಪಾಲಿಲ್ಲ, ದಾರಿಯಿಲ್ಲ. ಒಂದು ಸಣ್ಣ ದೇಶವೇ ಎನ್ನಿ. ಅದರ ಪೊಲೀಸು, ಸೈನ್ಯ, ಸರಕಾರ ಎಲ್ಲ ನಾನೊಬ್ಬನೇ. ನನ್ನ ಹತ್ತಿರ ಇದ್ದದ್ದು ಒಂದು ಲಾಠಿ, ಒಂದು ಸೀಟಿ, ವರದಿ ಬರೆಯಲು ಒಂದು ಕಟ್ಟು ಕಾಗದ. ಊರ ಚಾವಡಿಯ ಹೊರಕೋಣೆಯಲ್ಲಿ ನನ್ನ ಹಾಸಿಗೆ. ಒಳಕೋಣೆಗೆ ಗಟ್ಟಿ ಬಾಗಿಲಿತ್ತು, ಕಿಟಕಿಗೆ ಕಬ್ಬಿಣದ ಸರಳಿತ್ತು. ಹಿಂದೆ ಕಂದಾಯದ ಕಾಗದಪತ್ರ ಇಡುತ್ತಿದ್ದರಂತೆ.

ಹೋದ ದಿನವೇ ನನ್ನನ್ನು ಹುಡುಕಿಕೊಂಡು ಬಂದವರು ಸಾಲೆಯ ಮಾಸ್ತರರು. ದಸ್ತಗೀರ ಮಾಸ್ತರ. ಐವತ್ತರ ಮೇಲಿನ ವಯಸ್ಸು, ಬಿಳಿ ಪಾಯಿಜಾಮ, ಕರಿಕೋಟು, ತಲೆಗೆ ಟೊಪ್ಪಿಗೆ. ಮೂರು ತಲೆಮಾರಿನಿಂದ ಅದೇ ಊರಲ್ಲಿದ್ದ ಮನೆತನ. ಊರಲ್ಲಿ ಓದು ಬಲ್ಲವರೆಲ್ಲ ಅವರ ಕೈಯಲ್ಲೇ ಕಲಿತವರು.

"ಊಟಾ ಎಲ್ಲಿ ಮಾಡ್ತಿ ತಮ್ಮಾ?"

"ಬುತ್ತಿ ಕಟಗೊಂಡು ಬಂದೇನ್ರಿ."

"ಅದು ಇವತ್ತಿಗಾತು. ನಾಳಿ?"

ಅವರ ಮನೆಯ ಊಟ ಮಾಡಬೇಕೋ ಬೇಡವೋ ಎಂಬ ಅಳುಕು ನನ್ನ ಮುಖದಲ್ಲಿ ಕಂಡಿರಬೇಕು. ಮಾಸ್ತರರು ನಕ್ಕರು. "ನಿನ್ನ ಜಾತಿ ಕೆಡಂಗಿಲ್ಲ ಬಿಡು. ರೊಟ್ಟಿ, ಪಲ್ಯಾ, ಸೇಂಗಾ ಹಿಂಡಿ. ಬೇಕಾದ್ರ ಉಣ್ಣು, ಬ್ಯಾಡಾದ್ರ ಆಕಳಿಗೆ ಹಾಕು."

ಮರುದಿನದಿಂದ ಅವರ ಹೆಂಡತಿ ಹುಸೇನಬಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಕಳಿಸತೊಡಗಿದರು. ಎರಡು ದಿನ ಹಿಂದುಮುಂದು ನೋಡಿದೆ. ಮೂರನೆಯ ದಿನದಿಂದ ಕಾದು ಕೂತಿರುತ್ತಿದ್ದೆ.

ಮಾಸ್ತರರಿಗೆ ಸಾಲೆಯ ಜೊತೆಗೆ ಇನ್ನೊಂದು ಕೆಲಸವಿತ್ತು. ಹೊಳೆಯ ನೀರಿನ ಮಟ್ಟ ಅಳೆಯಲು ಸರಕಾರದವರು ದಂಡೆಗೆ ಒಂದು ಕಂಬ ನೆಟ್ಟು, ಕಪ್ಪುಬಿಳುಪು ಪಟ್ಟಿ ಬಳಿದು, ಅಡಿ ಇಂಚಿನ ಗೆರೆ ಹಾಕಿದ್ದರು. ಮುಂಜಾನೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಮಾಸ್ತರರು ಹೋಗಿ ನೋಡಿ ವಹಿಯಲ್ಲಿ ಬರೆಯಬೇಕು. ಹೊಳೆ ಏರುತ್ತಿದ್ದರೆ ತಾಸಿಗೊಮ್ಮೆ. ಕತ್ತಲಾದರೆ ಸರಕಾರವೇ ಕೊಟ್ಟ ಬ್ಯಾಟರಿ ಹಿಡಿದು ಕಂಬದ ಮೇಲೆ ಬೆಳಕು ಬಿಟ್ಟು ನೋಡುತ್ತಿದ್ದರು. ವಾರಕ್ಕೊಮ್ಮೆ ಆ ಅಂಕಿಗಳು ಟಪಾಲಿನಲ್ಲಿ ಹೋಗುತ್ತಿದ್ದವು. ನನ್ನನ್ನೂ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿದರು.

"ಇಪ್ಪತ್ತೆಂಟು ಫೂಟಿಗೆ ಹಳ್ಳ ಹಿಂದಕ್ಕ ಹರೀತೈತಿ. ಮೂವತ್ತೆರಡಕ್ಕ ಕೆಳಗೇರಿಗೆ ನೀರು. ಅದಕ್ಕಿಂತ ಮ್ಯಾಲ ಬಂದದ್ದು ನಾ ನೋಡಿಲ್ಲ, ನಮ್ಮಪ್ಪ ನೋಡಿದ್ದ."

ಕೆಳಗೇರಿ ಎಂದರೆ ಹಳ್ಳದ ಮಗ್ಗುಲಿನ ತಗ್ಗಿನ ಓಣಿ, ಇಪ್ಪತ್ತು ಮನೆಯ ಹರಿಜನರ ಕೇರಿ. ನಾನು ಗಸ್ತು ಹೋದಾಗಲೆಲ್ಲ ಅಲ್ಲಿನ ನಾಗವ್ವ ಎಂಬ ಮುದುಕಿ ಬಾಗಿಲಲ್ಲಿ ಕೂತು ಒಂದೇ ಮಾತು ಕೇಳುತ್ತಿದ್ದಳು. "ಪೊಲೀಸಪ್ಪಾ, ಯುದ್ಧ ಎಲ್ಲೀತನಕ ಬಂತೋ?" ಅವಳಿಗೆ ಕಣ್ಣು ಮಂಜು. ಯುದ್ಧವೂ ಪರಿಷೆಯ ಹಾಗೆ ಕಾಲುದಾರಿ ಹಿಡಿದು ಬರುತ್ತದೆಂದು ತಿಳಿದಿದ್ದಳು. ಮಗಳು ಯಲ್ಲವ್ವ ಒಳಗಿನಿಂದ, "ಸುಮ್ನ ಕುಂದ್ರಬೇ" ಎಂದು ಗದರುತ್ತಿದ್ದಳು.

ಮೊದಲ ವಾರ ನಾನು ಕಳಿಸಿದ ವರದಿ, ಬರೆಯುವಂಥದ್ದೇನೂ ಇಲ್ಲ ಎಂದು. ಎರಡನೆಯ ವಾರ ಠಾಣೆಗೆ ಹೋದಾಗ ಫೌಜದಾರರು ಆ ಕಾಗದವನ್ನು ಎಲ್ಲರ ಮುಂದೆ ಎತ್ತಿ ಹಿಡಿದರು.

"ಉಳದಾವ್ರೆಲ್ಲಾ ಎರಡೆರಡು ಹಾಳಿ ಬರದಾರ. ನಿಮ್ಮ ಊರಾಗ ಏನೂ ಇಲ್ಲ? ಅಲ್ಲಿ ಏನ್ ದೇವತೆಗಳು ಅದಾರೇನು? ಇಲ್ಲಾ ನೀ ಮಲ್ಕೊಂಡಿ, ಇಲ್ಲಾ ನೀ ಮುಚ್ಚಿಡಾಕತ್ತಿ."

ಉಳಿದ ಪೊಲೀಸರು ನಕ್ಕರು. ಹೊಸ ನೌಕರಿ, ಇನ್ನೂ ಕಾಯಂ ಆಗಿರಲಿಲ್ಲ.

ಆ ಹೊತ್ತಿಗೆ ಊರಲ್ಲೂ ಗಾಳಿ ಬದಲಾಗಿತ್ತು. ಊರ ಗೌಡರಾದ ಸಂಗನಗೌಡರು ಚಾವಡಿ ಕಟ್ಟೆಗೆ ಬಂದು ಕೂತಾಗ ಸುತ್ತ ಹತ್ತು ಮಂದಿ ಸೇರುತ್ತಿದ್ದರು. ಹೊಳೆಯ ಆಚೆ ದಂಡೆ ನಿಜಾಮನ ಸೀಮೆಯಾಗಿದ್ದ ಕಾಲದಲ್ಲಿ, ಆ ಕೊನೆಯ ವರ್ಷದ ಗದ್ದಲದಲ್ಲಿ, ಆಚೆಯಿಂದ ದಾಟಿ ಬಂದವರು ಗೌಡರ ಅಣ್ಣನನ್ನು ಹೊಲದಲ್ಲೇ ಕೊಂದಿದ್ದರು. ಗೌಡರು ಕೆಟ್ಟ ಮನುಷ್ಯರಲ್ಲ. ಆದರೆ ಆ ಸಾವು ಅವರೊಳಗೆ ಹದಿನೇಳು ವರ್ಷ ಹಾಗೇ ಕೂತಿತ್ತು.

ಒಂದು ಸಂಜೆ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ನಮಗ ದೀಪಾ ಹಚ್ಚಬ್ಯಾಡ್ರಿ ಅಂತೀರಿ. ಮಾಸ್ತರ ದಿನಾ ಹೊಳಿ ದಂಡಿಗೆ ಹೋಗಿ ಬ್ಯಾಟರಿ ಬಿಡತಾನ. ಅದೇನು?"

"ಅದು ಸರಕಾರಿ ಕೆಲಸಾರಿ ಗೌಡ್ರ. ನೀರು ನೋಡ್ತಾರ."

"ಇರಬಹುದು. ಆದ್ರ ವಿಮಾನದಾಗ ಕುಂತಾವನಿಗೆ ನೀರು ನೋಡೂ ದೀಪಾ ಯಾವ್ದು, ಸನ್ನಿ ಮಾಡೂ ದೀಪಾ ಯಾವ್ದು ತಿಳೀತೈತೇನು? ಮತ್ತ ಆ ವಹ್ಯಾಗಿನ ಅಂಕಿ ನೀವು ಓದಿ ನೋಡೀರೇನು?"

ನಾನು ಓದಿದ್ದೆ. ಅದು ಏನೆಂದು ನನಗೆ ಗೊತ್ತಿತ್ತು. ಆದರೂ ಆ ಮಾತು ಕಾಲಿಗೆ ನೆಟ್ಟ ಮುಳ್ಳಿನ ಹಾಗೆ ಉಳಿಯಿತು. ಮರುದಿನ ಮಧ್ಯಾಹ್ನ ಹುಸೇನಬಿ ಕಳಿಸಿದ ರೊಟ್ಟಿ ತಿಂದು, ಕೈ ತೊಳೆದು, ಕಾಗದ ತೆಗೆದೆ. ಹೀಗೆ ಬರೆದೆ: "ಸದರಿ ಊರಿನ ದಸ್ತಗೀರ ಎಂಬ ಇಸಮನು ದಿನಾಲು ಸಂಜೆ ಹೊಳೆಯ ದಂಡೆಗೆ ಒಬ್ಬನೇ ಹೋಗುತ್ತಿದ್ದು, ಬ್ಯಾಟರಿಯ ಬೆಳಕು ಬಿಡುತ್ತಿದ್ದು, ವಹಿಯಲ್ಲಿ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದು, ಅವುಗಳನ್ನು ಟಪಾಲಿನ ಮೂಲಕ ಹೊರಗೆ ಕಳಿಸುತ್ತಿರುವುದು ಕಂಡುಬಂದಿದೆ. ಈ ಬಗ್ಗೆ ಊರಲ್ಲಿ ಅನುಮಾನವಿದೆ."

ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದು ಸರಕಾರ ಒಪ್ಪಿಸಿದ ಕೆಲಸ ಎಂಬ ಒಂದು ಸಾಲನ್ನು ಮಾತ್ರ ಬರೆಯಲಿಲ್ಲ. ಬರೆದರೆ ಅದು ವರದಿಯೇ ಆಗುತ್ತಿರಲಿಲ್ಲ. ಠಾಣೆಯವರಿಗೆ ಹೇಗೂ ಗೊತ್ತಿರುತ್ತದೆ, ನನ್ನ ಮೇಲಿನ ಮಾತು ತಪ್ಪಿದರೆ ಸಾಕು ಎಂದುಕೊಂಡೆ. ಸಂತೆಗೆ ಹೊರಟಿದ್ದ ಒಬ್ಬನ ಕೈಯಲ್ಲಿ ಲಕೋಟೆ ಕೊಟ್ಟು ಕಳಿಸಿದೆ.

ಅದಾದ ಮೂರು ದಿನಕ್ಕೆ ಹೊಳೆ ಏರಿತು.

ನಮ್ಮಲ್ಲಿ ಒಂದು ಹನಿ ಮಳೆ ಇರಲಿಲ್ಲ. ನೀಲಿ ಆಕಾಶ, ಸುಡುವ ಬಿಸಿಲು. ಮಳೆ ಬಿದ್ದದ್ದು ಎಲ್ಲೋ ಪಡುವಣ ಘಟ್ಟದಲ್ಲಿ. ಮುಂಜಾನೆ ಎದ್ದು ನೋಡಿದರೆ ಹೊಳೆ ಕೆಂಪಾಗಿತ್ತು, ಇಡೀ ಮರಗಳು ಬೇರುಸಹಿತ ತೇಲಿ ಹೋಗುತ್ತಿದ್ದವು. ಮಧ್ಯಾಹ್ನ ಒಂದು ಗುಡಿಸಲ ಛಾವಣಿ ಹೋಯಿತು, ಮೇಲೆ ಕೋಳಿಗಳು ಕೂತಿದ್ದವು. ದಂಡೆಯ ಜಾಲಿ ಗಿಡಗಳಿಗೆ ಹಾವುಗಳು ಹತ್ತಿ ಸುತ್ತಿಕೊಂಡಿದ್ದವು. ಅದಕ್ಕಿಂತ ನನಗೆ ಹೆದರಿಕೆಯಾದದ್ದು ಸಪ್ಪಳ ನಿಂತದ್ದು. ಬಂಡೆಗಳ ಮೇಲೆ ಹಗಲಿರುಳು ಮೊರೆಯುತ್ತಿದ್ದ ಹೊಳೆ, ಬಂಡೆಗಳು ಮುಳುಗಿದ ಮೇಲೆ ಒಮ್ಮೆಲೇ ಮೂಕವಾಯಿತು. ಅಷ್ಟು ದೊಡ್ಡ ನೀರು ಒಂದು ಮಾತೂ ಆಡದೆ ಹೋಗುತ್ತಿತ್ತು.

ಸಂಜೆಯ ಹೊತ್ತಿಗೆ ಮಾಸ್ತರರು ತಾಸಿಗೊಮ್ಮೆ ದಂಡೆಗೆ ಹೋಗಿ ಬರುತ್ತಿದ್ದರು. ಹೊತ್ತು ಮುಳುಗಿತು. ನಾನು ಚಾವಡಿಯ ಮುಂದೆ ನಿಂತಿದ್ದಾಗ ಹೊಳೆಯ ಕಡೆಯಿಂದ ಕೂಗು ಕೇಳಿತು. ಹತ್ತಿಪ್ಪತ್ತು ಜನ ಮಾಸ್ತರರನ್ನು ಎಳೆದುಕೊಂಡು ಬರುತ್ತಿದ್ದರು. ಟೊಪ್ಪಿಗೆ ಎಲ್ಲೋ ಬಿದ್ದಿತ್ತು. ಕರಿಕೋಟಿನ ತೋಳು ಹರಿದಿತ್ತು. ಒಬ್ಬನ ಕೈಯಲ್ಲಿ ಬ್ಯಾಟರಿ, ಇನ್ನೊಬ್ಬನ ಕೈಯಲ್ಲಿ ವಹಿ.

"ಸಿಕ್ಕ ನೋಡ್ರಿ! ದೀಪಾ ಬಿಡೂ ಮುಂದ ಹಿಡದೇವಿ!"

"ಹೊಳಿಗೆ ಒಗೀರಿ ಅವನ್ನ!"

ಎಳೆದು ತಂದವರಲ್ಲಿ ಅವರ ಕೈಯಲ್ಲಿ ಅಕ್ಷರ ಕಲಿತವರೇ ಹೆಚ್ಚು. ಗೌಡರು ಹಿಂದೆ ನಡೆದು ಬರುತ್ತಿದ್ದರು, ಯಾರನ್ನೂ ತಡೆಯುತ್ತಿರಲಿಲ್ಲ. ನಾನು ಸೀಟಿ ಊದಿದೆ. ಯಾರೂ ಕಿವಿಗೊಡಲಿಲ್ಲ. ಆಗ ನನಗೆ ತೋಚಿದ್ದು ಒಂದೇ. ನುಗ್ಗಿ ಮಾಸ್ತರರ ರಟ್ಟೆ ಹಿಡಿದು ನನ್ನ ಕಡೆ ಜಗ್ಗಿದೆ. "ಯಾರೂ ಮುಟ್ಟಬ್ಯಾಡ್ರಿ! ಇಂವ ಸರಕಾರಿ ಕೈದಿ!" ಎಂದು ಕೂಗಿದೆ. ಕೈದಿ ಎಂದ ಕೂಡಲೇ ಜನ ನಿಂತರು. ಹೊಳೆಗೆ ಒಗೆಯುವುದಕ್ಕಿಂತ ಅದು ಅವರಿಗೆ ಹೆಚ್ಚು ಸಮಾಧಾನ ಕೊಟ್ಟಂತೆ ಕಂಡಿತು. ಮಾಸ್ತರರನ್ನು ಒಳಕೋಣೆಗೆ ನೂಕಿ ಬೀಗ ಹಾಕಿದೆ. ಬೀಗ ಹಾಕುವಾಗ ಅವರು ನನ್ನನ್ನೇ ನೋಡಿದರು. "ತಮ್ಮಾ, ಇಪ್ಪತ್ತೇಳೂವರೆ ಆಗೇತಿ" ಎಂದರು. ನೀರಿನ ಮಟ್ಟ. ಅಷ್ಟೇ ಮಾತು.

ಹುಸೇನಬಿ ಬಂದು ಚಾವಡಿಯ ಮೆಟ್ಟಿಲ ಮೇಲೆ ಕೂತರು.

ಬೆಳಗಾದಾಗ ಹಳ್ಳ ತುಂಬಿತ್ತು. ಆಚೆಯ ದಾರಿ ಕಾಣದಾಗಿತ್ತು. ಮಾಸ್ತರರು ಕಿಟಕಿಯ ಸರಳು ಹಿಡಿದು, ಹೋಗಿ ಕಂಬ ನೋಡಿ ಬಾ ಎಂದರು. ಹೋಗಿ ನೋಡಿದೆ, ಇಪ್ಪತ್ತೊಂಬತ್ತೂವರೆ. ಎರಡು ತಾಸು ಬಿಟ್ಟು ಮತ್ತೆ ಕಳಿಸಿದರು, ಮೂವತ್ತೂವರೆ. ಅವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು.

"ಊಟದ ಹೊತ್ತಿಗೆ ಕೆಳಗೇರ್ಯಾಗ ನೀರು ಬರತೈತಿ. ಈ ಕಡಿಂದಲ್ಲ, ಹಳ್ಳದ ಕಡಿಂದ, ಬೆನ್ನಹಿಂದಿಂದ ಬರತೈತಿ. ಡಂಗುರಾ ಸಾರಸು. ಎಲ್ಲಾರೂ ಮ್ಯಾಲಿನ ಸಾಲಿಗೆ ಹತ್ಲಿ. ಈಗಿಂದೀಗ."

ನಾನು ಗೌಡರ ಹತ್ತಿರ ಓಡಿದೆ. ಅವರ ಮನೆ ದಿಬ್ಬದ ಮೇಲಿತ್ತು, ಕಟ್ಟೆಯ ತುಂಬ ಜನವಿದ್ದರು. ನಾನು ಹೇಳಿದ್ದನ್ನು ಕೇಳಿ ಗೌಡರು, "ಯಾರ್ ಹೇಳಿದ್ರು?" ಎಂದರು.

"ಮಾಸ್ತರ ಹೇಳಿದ್ರಿ."

ಕಟ್ಟೆಯ ಮೇಲೆ ಗುಸುಗುಸು ಎದ್ದಿತು. "ಎಲ್ಲಾರನ್ನೂ ಒಂದ ಕಡೆ ಕೂಡಸ್ರಿ ಅಂತಾನ? ಮನಿ ಬಿಡಸ್ರಿ ಅಂತಾನ? ಯಾಕ?" ಎಂದ ಒಬ್ಬ. ಗೌಡರು ನನ್ನ ಮುಖ ನೋಡಿ, "ಕೈದಿ ಮಾತ ಕೇಳಿ ನಾ ಡಂಗುರಾ ಸಾರಸಂಗಿಲ್ಲ" ಎಂದರು.

ಕೆಳಗೇರಿಯವರು ತಾವಾಗಿಯೇ ಓಣಿಯ ಬಾಯಿಗೆ ಬಂದು ನಿಂತಿದ್ದರು. ಯಲ್ಲವ್ವ ಮುಂದೆ ಬಂದು ಕೇಳಿದಳು. "ಯಪ್ಪಾ, ನೀವ ಹೇಳ್ರಿ. ಹೊಂಡೂಣೋ, ಇರೂಣೋ? ನೀವು ಹೇಳಿದಂಗ ಮಾಡ್ತೇವಿ."

ಒಂದು ಮಾತು ಸಾಕಿತ್ತು. ನಾನು ಹೇಳಲಿಲ್ಲ. ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದನ್ನು ಈಗಲೂ ಮರೆತಿಲ್ಲ. ಆ ಮನುಷ್ಯನ ಮಾತು ನಂಬಿ ಕೇರಿ ಬಿಡಿಸಿದರೆ, ನೀರು ಬರದಿದ್ದರೆ, ಫೌಜದಾರರಿಗೆ ಏನು ಹೇಳಲಿ? ನೀರು ಬಂದರೆ, ಅವನ ಅಂಕಿಗಳು ನಿಜವೆಂದಾದರೆ, ನಾನು ಬರೆದ ವರದಿ ಏನಾಗುತ್ತದೆ?

"ಇನ್ನೊಂದ ಸಲ ಕಂಬ ನೋಡಿ ಬಂದು ಹೇಳ್ತೇನಿ" ಎಂದೆ.

ಕಂಬಕ್ಕೆ ಹೋಗುವ ದಾರಿ ಆಗಲೇ ನೀರಲ್ಲಿತ್ತು. ಸೊಂಟಮಟ್ಟ ನೀರಲ್ಲಿ ನಿಂತು ಕಣ್ಣು ಕಿರಿದು ಮಾಡಿ ಗೆರೆ ಎಣಿಸುತ್ತಿದ್ದೆ. ಮೂವತ್ತೆರಡೂವರೆ. ಬೆನ್ನ ಹಿಂದೆ ಊರಿನ ಕಡೆಯಿಂದ ಹೆಣ್ಣುಮಕ್ಕಳ ಚೀರಾಟ ಕೇಳಿತು. ಮಾಸ್ತರರು ಹೇಳಿದ ಹಾಗೆಯೇ ಆಗಿತ್ತು. ನಾನು ಹೊಳೆಗೆ ಮುಖ ಮಾಡಿ ನಿಂತಿದ್ದಾಗ ಹೊಳೆ ಹಳ್ಳ ಸುತ್ತಿ ಕೇರಿಯೊಳಗೆ ಬಂದಿತ್ತು.

ಓಡಿ ಬಂದವನು ಮೊದಲು ಮಾಡಿದ್ದು ಒಳಕೋಣೆಯ ಬೀಗ ತೆಗೆದದ್ದು. ಮಾಸ್ತರರು, "ಭಾವಿ ಹಗ್ಗಾ ತಗೊಂಡು ಬಾ" ಎಂದು ಓಡಿದರು. ಕೇರಿಯಲ್ಲಿ ಎದೆಮಟ್ಟ ನೀರು, ಅದರಲ್ಲಿ ಸೆಳವು. ಎಲ್ಲಿ ತಗ್ಗು, ಎಲ್ಲಿ ಕಟ್ಟೆ, ಯಾವ ಗೋಡೆ ಗಟ್ಟಿ, ಯಾವುದು ಬೀಳುತ್ತದೆ, ಎಲ್ಲ ಅವರಿಗೆ ಅಂಗೈಗೆರೆಯ ಹಾಗೆ ಗೊತ್ತಿತ್ತು. ಬೇವಿನ ಮರಕ್ಕೆ ಒಂದು ತುದಿ ಕಟ್ಟಿಸಿ, ಇನ್ನೊಂದು ತುದಿ ತಮ್ಮ ನಡುವಿಗೆ ಸುತ್ತಿಕೊಂಡು, ಸಾಲೆಯ ಗೋಡೆಗುಂಟ ನೀರಿಗಿಳಿದರು. ಕೂಸುಗಳನ್ನು ಹೆಗಲ ಮೇಲೆ, ಹೆಂಗಸರನ್ನು ಹಗ್ಗ ಹಿಡಿಸಿ, ಒಬ್ಬೊಬ್ಬರನ್ನಾಗಿ ದಾಟಿಸಿದರು. ನಾನು ನಡುವೆ ನಿಂತು ಕೈಬದಲಾಯಿಸುತ್ತಿದ್ದೆ. ಹಿಂದಿನ ಸಂಜೆ ಅವರ ಕೋಟು ಹರಿದಿದ್ದ ಒಬ್ಬ ನನ್ನ ಹಿಂದೆ ಹಗ್ಗ ಹಿಡಿದಿದ್ದ. ಗೌಡರು ತಮ್ಮ ವಾಡೆಯ ದೊಡ್ಡ ಬಾಗಿಲು ತೆಗೆಸಿ, "ಇಲ್ಲಿಗೆ ಕರಕೊಂಡು ಬರ್ರಿ, ಎಲ್ಲಾರನ್ನೂ" ಎಂದು ಕೂಗುತ್ತಿದ್ದರು. ಕೇರಿಯವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

ಎಲ್ಲರೂ ಬಂದರೆಂದು ಎಣಿಸುವಾಗ ನಾಗವ್ವ ಇರಲಿಲ್ಲ. ಯಲ್ಲವ್ವ ನೆರೆಮನೆಯವರ ಜೊತೆ ತಾಯಿ ಹೋಗಿದ್ದಾಳೆಂದು ತಿಳಿದಿದ್ದಳು, ನೆರೆಮನೆಯವರು ಮಗಳ ಜೊತೆ ಇದ್ದಾಳೆಂದು. ಮಾಸ್ತರರು ಮತ್ತೆ ಇಳಿದರು. ಅವರು ಅರ್ಧ ದಾರಿ ಹೋಗಿದ್ದಾಗ ನಾಗವ್ವನ ಮನೆಯ ಸಾಲಿನ ಮಣ್ಣುಗೋಡೆಗಳು ಒಂದರ ಹಿಂದೊಂದು ಸದ್ದಿಲ್ಲದೆ ಕೂತವು. ಮೂರು ದಿನದ ಮೇಲೆ ನೀರು ಹಿಂದಕ್ಕೆ ಜಗ್ಗಿದಾಗ ಮುದುಕಿ ಜಾಲಿ ಕಂಟಿಯಲ್ಲಿ ಸಿಕ್ಕಳು. ನಾನು, ಮಾಸ್ತರರು, ಇನ್ನಿಬ್ಬರು ಸೇರಿ ಬಿಡಿಸಿದೆವು. ಯಲ್ಲವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನೋಡಿ ಬಂದು ಹೇಳ್ತೇನಿ ಅಂದಿದ್ರಲ್ಲರೀ" ಎಂದಳು, ಇನ್ನೂ ಉತ್ತರಕ್ಕೆ ಕಾಯುತ್ತಿರುವವಳ ಹಾಗೆ.

ಆ ಮೂರು ದಿನ ಮಾಸ್ತರರನ್ನು ಯಾರೂ ಕೈದಿ ಎನ್ನಲಿಲ್ಲ. ಒಂದು ಮಧ್ಯಾಹ್ನ ಗೌಡರು ಬಂದು ಸಾಲೆಯ ಕಟ್ಟೆಯ ಮೇಲೆ ಅವರ ಪಕ್ಕ ಕೂತರು. ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿ ಅವರ ಕೈಗಿಟ್ಟರು. ಮಾಸ್ತರರು ಹಾಕಿಕೊಂಡರು. ಎಲ್ಲ ಮುಗಿಯಿತು, ಸರಿಹೋಯಿತು ಎಂದು ನನಗನ್ನಿಸಿತು. ನನ್ನ ಲಕೋಟೆ ಹಳ್ಳದ ಆಚೆ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ನಾನು ಮರೆಯಲು ನೋಡುತ್ತಿದ್ದೆ.

ಐದನೆಯ ದಿನ ಮುಂಜಾನೆ ಹಳ್ಳದಾಚೆ ಜೀಪು ಬಂದು ನಿಂತಿತು. ತೆಪ್ಪದಲ್ಲಿ ಫೌಜದಾರರು, ಇಬ್ಬರು ಪೊಲೀಸರು ದಾಟಿ ಬಂದರು. ಜೋಳವನ್ನೋ ಔಷಧವನ್ನೋ ತಂದಿದ್ದಾರೆಂದು ಜನ ಓಡಿ ಹೋದರು. ಅವರ ಕೈಯಲ್ಲಿದ್ದದ್ದು ಬೇಡಿ.

"ದಸ್ತಗೀರ ಯಾವ್ನು?"

ನಾನು ಮುಂದೆ ಹೋಗಿ ಸಲಾಮು ಹೊಡೆದೆ. ಮಾತು ತೊದಲಿತು. "ಸಾಹೇಬ್ರ, ಅವರು ಸರಕಾರಿ ಕೆಲಸಾ ಮಾಡತಿದ್ರಿ. ನೀರಿನ ಲೆಕ್ಕ ಬರೀತಿದ್ರಿ. ಈಗ ಊರ ಉಳಿಸ್ಯಾರ್ರಿ."

ಫೌಜದಾರರು ನನ್ನ ಮುಖ ದಿಟ್ಟಿಸಿದರು. "ಸರಕಾರಿ ಕೆಲಸಾ ಅಂತ ನಿನ್ನ ರಿಪೋರ್ಟನ್ಯಾಗ ಯಾಕ ಬರದಿಲ್ಲ?"

ನಾನು ಬೇಡಿಯ ಕಡೆ ನೋಡಿದೆ.

"ಕಾಗದ ಮ್ಯಾಲಿನವರ ಕೈಗೆ ಮುಟ್ಟೇತಿ. ಅಲ್ಲಿಂದ ಆರ್ಡರ್ ಬಂದೈತಿ. ಇನ್ನ ನನ್ನ ಕೈಯಾಗೂ ಇಲ್ಲ, ನಿನ್ನ ಕೈಯಾಗೂ ಇಲ್ಲ." ಆಮೇಲೆ ಗೌಡರ ಕಡೆ ತಿರುಗಿ, "ಬ್ಯಾಟರಿ, ವಹಿ ಸಮೇತ ನೀವ ಹಿಡದೀರಂತ, ತೆಪ್ಪದಾವ್ರು ಹೇಳಿದ್ರು. ಪಂಚನಾಮೆಗೆ ಸಹಿ ಮಾಡ್ರಿ" ಎಂದರು.

ಗೌಡರು ಜನರನ್ನು ನೋಡಿದರು, ಮಾಸ್ತರರನ್ನು ನೋಡಲಿಲ್ಲ. ಸಹಿ ಮಾಡಿದರು. ಅಷ್ಟು ಜನರಲ್ಲಿ ಬಾಯಿಬಿಟ್ಟವಳು ಯಲ್ಲವ್ವ ಒಬ್ಬಳೇ. "ನಮ್ಮನ್ನ ನೀರಾಗಿಂದ ಎತ್ತಿದಾವ್ರರೀ ಅವರು. ಅವರನ್ನ್ಯಾಕ ಒಯ್ತೀರಿ?" ಎಂದಳು. ಯಾರೋ ಅವಳನ್ನು ಹಿಂದಕ್ಕೆ ಜಗ್ಗಿದರು.

ಬೇಡಿ ಹಾಕಿಸಿಕೊಳ್ಳುವಾಗ ಮಾಸ್ತರರಿಗೆ ಎಲ್ಲ ತಿಳಿಯಿತು. ಹೊಳೆಯ ನೀರು ಕಂಬದ ಮೇಲೆ ಏರುವುದನ್ನು ನೋಡುವ ಹಾಗೆ, ಅವರ ಮುಖದ ಮೇಲೆ ಅದು ಮೆಲ್ಲಗೆ ಏರಿದ್ದನ್ನು ನಾನು ನೋಡಿದೆ. ಊರವರು ಅನುಮಾನಪಟ್ಟು ಹಿಡಿದದ್ದು ಒಂದು. ಅದಕ್ಕೂ ಮೊದಲೇ ಬರೆದು ಕಳಿಸಿದ ಕೈ ಇನ್ನೊಂದು. ಹುಸೇನಬಿ ನನ್ನ ಮುಂದೆಯೇ ಹಾದುಹೋಗಿ ತೆಪ್ಪದವರೆಗೆ ನಡೆದರು. ತೆಪ್ಪ ಹತ್ತುವ ಮೊದಲು ಮಾಸ್ತರರು ತಿರುಗಿ, ನನ್ನ ಕಡೆಗಲ್ಲ, ನನ್ನ ಪಕ್ಕದ ಗಾಳಿಗೆ ಹೇಳುವ ಹಾಗೆ ಹೇಳಿದರು: "ಇಳಿಯೂ ನೀರನ್ನೂ ಬರೀಬೇಕು. ದಿನಾ ಮೂರು ಸಲ."

ನಾನು ಬರೆದೆ. ವಹಿ ಜಪ್ತಾಗಿತ್ತು, ವರದಿಯ ಕಾಗದದ ಮೇಲೆಯೇ ದಿನಕ್ಕೆ ಮೂರು ಸಲ ಬರೆದು ವಾರಕ್ಕೊಮ್ಮೆ ಟಪಾಲಿಗೆ ಹಾಕಿದೆ. ಇನ್ನೊಂದು ವರದಿಯನ್ನೂ ಬರೆದೆ, ನಾಲ್ಕು ಹಾಳೆ. ಮಾಸ್ತರರ ಕೆಲಸ, ನೆರೆ, ಹಗ್ಗ, ಅವರು ದಾಟಿಸಿದ ಜನರ ಹೆಸರು ಎಲ್ಲ. ಫೌಜದಾರರು ಅದನ್ನು ಓದಿ ಮಡಚಿ ನನ್ನ ಜೇಬಿಗೇ ತುರುಕಿದರು. "ಒಬ್ಬ ಪೊಲೀಸ ಒಬ್ಬ ಮನಷ್ಯಾನ ಮ್ಯಾಲ ಎರಡು ನಮೂನಿ ಬರದ್ರ ಮೊದಲ ಹೋಗೂದು ಪೊಲೀಸನ ನೌಕರಿ. ತಿಳೀತಿಲ್ಲೋ?" ತಿಳಿಯಿತು. ಅದನ್ನು ನಾನು ಮತ್ತೆ ಕೊಡಲಿಲ್ಲ. ನೇರವಾಗಿ ಮೇಲಿನವರಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ.

ಯುದ್ಧ ನಿಂತಿತು. ದೀಪ ಹಚ್ಚಬಹುದೆಂದು ಹೇಳಿದೆ, ಜನ ಹಚ್ಚಿದರು. ಛತ್ರಿ ಹಿಡಿದು ಯಾರೂ ಇಳಿಯಲಿಲ್ಲ. ಮೆಕ್ಕಲು ಬಿದ್ದ ಹೊಲಗಳಲ್ಲಿ ಆ ವರ್ಷ ಬಿಳಿಜೋಳ ಆಳೆತ್ತರ ಬಂತು. ಸಾಲೆಗೆ ಬೀಗ ಬಿದ್ದಿತ್ತು. ನನಗೆ ರೊಟ್ಟಿ ಬರುವುದು ನಿಂತಿತ್ತು. ಕಲ್ಲೊಲೆ ಹೂಡಿ ನಾನೇ ಬೇಯಿಸಿಕೊಳ್ಳುತ್ತಿದ್ದೆ. ಹುಸೇನಬಿ ನೀರಿಗೆ ಹೋಗುವಾಗ ಚಾವಡಿ ತಪ್ಪಿಸಿ ಸುತ್ತು ದಾರಿ ಹಿಡಿಯುತ್ತಿದ್ದರು. ಗೌಡರು ಕಟ್ಟೆಗೆ ಬರುವುದನ್ನೇ ಬಿಟ್ಟರು. ಊರಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಆದರೆ ನಾನು ಹತ್ತಿರ ಹೋದರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಕೂಸುಗಳು ಆಟ ಬಿಟ್ಟು ಒಳಗೆ ಹೋಗುತ್ತಿದ್ದವು. ನಾನು ಏನಾದರೂ ಬರೆದುಬಿಟ್ಟೇನು ಎಂದು ಇಡೀ ಊರು ಹೆದರಿತ್ತು. ಅಷ್ಟು ಭದ್ರವಾದ ಊರನ್ನು ನಾನು ಆಮೇಲಿನ ನೌಕರಿಯಲ್ಲೆಲ್ಲೂ ಕಾಣಲಿಲ್ಲ.

ಎಳೆಜೋಳದ ಸೀತನಿ ಸುಡುವ ಕಾಲಕ್ಕೆ ಮಾಸ್ತರರನ್ನು ಬಿಟ್ಟರು. ಕೇಸಿಲ್ಲ, ವಿಚಾರಣೆಯಿಲ್ಲ. ಬಿಡುವಾಗ ಒಂದು ಷರತ್ತು ಹಾಕಿದ್ದರು. ಪ್ರತಿ ಸೋಮವಾರ ಊರ ಪೊಲೀಸನ ಮುಂದೆ ಹಾಜರಾಗಿ ಸಹಿ ಮಾಡಬೇಕು. ಆ ಹುಕುಂ, ಅದರ ಜೊತೆಗೊಂದು ಹೊಸ ರಿಜಿಸ್ಟರು ನನಗೆ ಬಂದವು.

ಮೊದಲ ಸೋಮವಾರ ಎಂಟಕ್ಕೆ ಅವರು ಬಂದರು. ಗಡ್ಡ ಬೆಳ್ಳಗಾಗಿತ್ತು. ಕೋಟಿನ ತೋಳಿಗೆ ಹೊಲಿಗೆ ಬಿದ್ದಿತ್ತು. ಚಾವಡಿಯ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು, ಬಾಗಿಲ ಹೊರಗೆ ಕೈಕಟ್ಟಿ ನಿಂತರು. ನಾನು ದಡಬಡಿಸಿ ಎದ್ದೆ. ಕಟ್ಟೆಯ ಮೇಲೆ ಕಂಬಳಿ ಹಾಸಿದೆ.

"ಕುಂದ್ರಿ ಮಾಸ್ತರ."

"ಇಲ್ರಿ ಸಾಹೇಬ್ರ. ಇಲ್ಲೇ ನಿಂದರ್ತೇನ್ರಿ."

ನಾಲ್ಕು ತಿಂಗಳಿಂದ ಒಂದು ಮಾತು ಬಾಯಿಪಾಠ ಮಾಡಿಟ್ಟಿದ್ದೆ. ತಪ್ಪಾಯಿತು ಎನ್ನಬೇಕಿತ್ತು. ಅದರ ಬದಲು, "ಇಷ್ಟಕ್ಕ ನೀವು ಪ್ರತಿ ವಾರ ಬರೂದೇನೂ ಬ್ಯಾಡ್ರಿ. ನೀವು ಬಂದ್ರಿ ಅಂತ ನಾನ ಬರಕೋತೇನಿ. ಯಾರಿಗೂ ಗೊತ್ತಾಗಂಗಿಲ್ಲ" ಎಂದೆ.

ಅವರು ತಲೆ ಎತ್ತಿ ನೋಡಿದರು. ಸಿಟ್ಟಿರಲಿಲ್ಲ. ಅಂಗಳದಲ್ಲಿ ನಾಯಿ ಕಂಡಾಗ ದಾರಿಹೋಕ ನೋಡುವ ಹಾಗೆ, ಎಚ್ಚರದಿಂದ ನೋಡಿದರು.

"ಬ್ಯಾಡ್ರಿ ಸಾಹೇಬ್ರ. ಬರದಿದ್ರ, ಇಂವ ಬರಲಿಲ್ಲ ಅಂತ ಅದನ್ನೂ ಯಾರರ ಬರದು ಕಳಿಸಿಬಿಟ್ಟಾರು."

ಒಳಗೆ ಬಂದು, ನಿಂತೇ ಬಗ್ಗಿ, ನಾನು ತೋರಿಸಿದ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು. ಲೇಖಣಿಯನ್ನು ನನ್ನ ಕೈಗೆ ಕೊಡದೆ ರಿಜಿಸ್ಟರಿನ ಮೇಲಿಟ್ಟು, ಹೋಗಲೇ ಎಂದು ಅಪ್ಪಣೆ ಕೇಳಿದರು.

ನನಗೆ ವರ್ಗವಾಗುವವರೆಗೆ ಹನ್ನೊಂದು ಸೋಮವಾರ ಬಂದವು. ಅವರು ಒಂದನ್ನೂ ತಪ್ಪಿಸಲಿಲ್ಲ, ಒಂದು ದಿನವೂ ಕೂತುಕೊಳ್ಳಲಿಲ್ಲ.